ಮಣ್ಣಿಗೆ ಹೋಗಬೇಕಾದ ಗಸಿ

ಬೆಳಿಗ್ಗೆ ಹತ್ತು ಗಂಟೆಯಾದರೂ ಗಾಜಿನ ಕೊಳವೆಯ ತುದಿಯಿಂದ ಒಂದು ಹನಿ ಬೀಳಲಿಲ್ಲ.

ಎಂಬತ್ತಮೂರರ ಡಿಸೆಂಬರ್. ಕೊಪ್ಪದ ಬಾಡಿಗೆ ಕಟ್ಟಡವೊಂದರ ಆ ಪುಟ್ಟ ಲ್ಯಾಬಿನಲ್ಲಿ ಕಾಡುಜ್ವರದ ಸಂಶೋಧನೆ ನಡೆಯುತ್ತಿತ್ತು. ಜ್ವರ ಗೆದ್ದವರ ರಕ್ತದ ತಿಳಿಯನ್ನು ಮೇಲಿನಿಂದ ಹೊಯ್ದರೆ, ಕೊಳವೆಯೊಳಗಿನ ಸಾಬಕ್ಕಿ ಗಂಜಿಯಂಥ ಜೆಲ್ಲು ಜ್ವರ ತಡೆಯುವ ಪ್ರೋಟೀನುಗಳನ್ನು ಉಳಿದವುಗಳಿಂದ ಬೇರೆ ಮಾಡಿ ಕೆಳಗೆ ಬಿಡುತ್ತಿತ್ತು. ಕಾಲಮ್ ಅಂತ ಅದಕ್ಕೆ ಹೆಸರು. ಏಳು ವರ್ಷದಿಂದ ಅದನ್ನು ತೊಳೆಯುತ್ತಿದ್ದವಳು ಹಬೀಬಾ.

ಅಂದು ಒಳಗೆ ಹೋಗಿದ್ದು ಅವಳ ತಮ್ಮ ಗುಲಾಮ್ ಹುಸೇನನ ರಕ್ತದ ತಿಳಿ. ಕೆರೆಕಟ್ಟೆ ಕಡೆ ಮರ ಹೊರುತ್ತಿದ್ದ ಅವನು ಜ್ವರದಿಂದೆದ್ದವನೇ ಬಂದು, "ಯಾರಿಗಾದ್ರೂ ಆಗ್ತದೆ, ತಗೊಳ್ಳಿ" ಎಂದು ತೋಳು ಚಾಚಿದ್ದ. ಹದಿನೈದು ದಿನಕ್ಕೆ ಜ್ವರ ಮರಳಿ ಬಂತು. ಅವನು ಮಣ್ಣಾಗಿ ಒಂದು ತಿಂಗಳು. ಉಳಿದದ್ದು ಹೆಪ್ಪುಗಟ್ಟಿಸಿ ಇಟ್ಟಿದ್ದ ಇದೊಂದೇ ಬಾಟಲಿ.

"ಕಟ್ಟಿಕೊಂಡಿದೆ ಮಾರಾಯ್ರೆ," ಎಂದರು ಶೃಂಗೇರಿಯ ವಿಜ್ಞಾನಿ ಗಣೇಶಮೂರ್ತಿ. "ನಮ್ಮ ಮಠದ ಊಟದ ಸಾಲಾದ್ರೂ ಮುಂದೆ ಹೋಗ್ತದೆ, ಇದು ಹೋಗೂದಿಲ್ಲ."

ಹಬೀಬಾ ನಗಲಿಲ್ಲ.

"ನಾನೇ ಮಾಡಿದ್ದು ಸಾರ್. ನೀವು ಬರೋದ್ರೊಳಗೆ ಕರಗಲಿ ಅಂತ ಬಾಟ್ಲಿನ ಬಿಸಿನೀರಲ್ಲಿಟ್ಟೆ. ಚಳೀಲಿ ಕೊಬ್ಬರಿ ಎಣ್ಣೆ ಇಡ್ತೇವಲ್ಲ, ಹಾಗೆ."

"ಎಷ್ಟು ಬಿಸಿ?"

"ಕೈ ಇಡಕ್ಕಾಗದಷ್ಟು."

ಗಣೇಶಮೂರ್ತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೆಳ್ಳಗಾಗಿದ್ದು ನಂಗೂ ಕಂಡಿತ್ತು. ಕರೆಂಟಿರಲಿಲ್ಲ, ಮೆಷಿನ್ನಲ್ಲಿ ತಿರುಗಿಸಿ ಗಸಿ ತೆಗೀಲಿಕ್ಕೆ ಆಗಲಿಲ್ಲ. ಹಾಗೇ ಹೊಯ್ದೆ. ತಪ್ಪು ನಿಮ್ಮೊಬ್ಬರದ್ದಲ್ಲ ಹಬೀಬಕ್ಕ."

"ಏನಾದ್ರೂ ಸಿಗ್ತದಾ?"

"ಬೆಂದದ್ದು ಮತ್ತೆ ಹಸಿಯಾಗೂದಿಲ್ಲ."

ಅವಳು ಕೈಗವಸು ಹಾಕಿಕೊಂಡು ಮುಚ್ಚಳ ತೆಗೆದಳು. ಜೆಲ್ಲಿನ ಮೇಲೆ ಒಡೆದ ಹಾಲಿನಂಥ ಬಿಳಿ ಪದರ. ಉದ್ದನೆಯ ಚಮಚದಿಂದ ಅದನ್ನು ತೆಗೆತೆಗೆದು ಪಿಂಗಾಣಿ ಬಟ್ಟಲಿಗೆ ಹಾಕಿದಳು. ಉಪ್ಪುನೀರಿನ ಬಾಟಲಿಯನ್ನು ಎತ್ತರಕ್ಕೆ ಕಟ್ಟಿ, ಅದರ ನಳಿಗೆಯನ್ನು ಕೊಳವೆಯ ಬುಡಕ್ಕೆ ಸಿಕ್ಕಿಸಿ, ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟಳು. ಗಟ್ಟಿಯಾಗಿದ್ದ ಜೆಲ್ಲು ನಿಧಾನ ಸಡಿಲಾಯಿತು. ಅದು ತಾನಾಗಿ ತಳಕ್ಕಿಳಿಯುವವರೆಗೂ ಪಕ್ಕದಲ್ಲೇ ಕೂತಳು. ಇದಕ್ಕೆ ಅವಸರ ಸಲ್ಲದು. ಬೆಳಿಗ್ಗೆ ಆ ಬುದ್ಧಿ ಎಲ್ಲಿ ಹೋಗಿತ್ತೋ.

ನಳಿಗೆಯನ್ನು ಮತ್ತೆ ಕೊಳವೆಯ ಮೇಲ್ತುದಿಗೆ ಸಿಕ್ಕಿಸಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಮೊದಲ ಹನಿ ಬಿತ್ತು, ಆಮೇಲೆ ಇನ್ನೊಂದು. ತಿಳಿಯಾದ ಬರೀ ಉಪ್ಪುನೀರು. ಅದರಲ್ಲಿ ಗುಲಾಮ ಇರಲಿಲ್ಲ.

"ಆ ಬಟ್ಟಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಮೋರಿಗೆ ಬಿಡಿ," ಎಂದರು ಗಣೇಶಮೂರ್ತಿ.

ಅವಳು ಬಟ್ಟಲು ಹಿಡಿದು ನಿಂತೇ ಇದ್ದಳು. "ನಮ್ಮಲ್ಲಿ ಮೈಯದ್ದು ಏನಿದ್ರೂ ಮಣ್ಣಿಗೆ ಹಾಕ್ತೇವೆ ಸಾರ್. ಕಿತ್ತ ಹಲ್ಲು ಸಹ."

ಅವರು ಬಟ್ಟಲನ್ನು ಆವಿಯ ಪಾತ್ರೆಯಲ್ಲಿಟ್ಟು, ರೋಗದ ಅಂಶ ಸಾಯುವಷ್ಟು ಹೊತ್ತು ಬೇಯಿಸಿದರು. ಆರಿದ ಮೇಲೆ ತಾವೇ ಒಂದು ಡಬ್ಬಿಗೆ ತುಂಬಿ ಕೊಟ್ಟರು.

"ನಾನೂ ಬರ್ಲಾ?"

"ಬೇಡ ಸಾರ್. ಕಾಲಮ್ ಒಣಗಬಾರದು, ನೀರು ನೋಡ್ಕೊಳ್ಳಿ."

ಖಬರಸ್ಥಾನದೊಳಗೆ ಹೆಂಗಸರು ಹೋಗುವ ರೂಢಿಯಿರಲಿಲ್ಲ. ಗೋರಿ ತೋಡುವ ಅಬ್ದುಲ್ ರಹಮಾನ್ ಗೇಟಿಗೇ ಬಂದು ಡಬ್ಬಿ ತೆಗೆದುಕೊಂಡ.

"ಎಂತ ಇದು ಹಬೀಬಾ?"

"ಗುಲಾಮಂದು. ಸ್ವಲ್ಪ ಉಳಿದಿತ್ತು ಚಾಚಾ. ನನ್ನ ಕೈಯಲ್ಲಿ ಕೆಟ್ಟುಹೋಯ್ತು."

ಅವನು ಡಬ್ಬಿ ಹಿಡಿದು ಗುಲಾಮನ ಗೋರಿಯ ಕಡೆ ನಡೆದ. ಒಳಗೆ ಗುದ್ದಲಿಯ ಸದ್ದು ಎರಡೇ ಸಲ ಕೇಳಿಸಿತು. ಅಷ್ಟು ಚಿಕ್ಕ ಗುಂಡಿ ಸಾಕಾಗಿತ್ತು.