ಜಮಖಾನೆಯ ಮೇಲೆ ನಡೆದ ಗಡಿಯಾರ

ಕಂಪ್ಯೂಟರ್ ಪರದೆಯಲ್ಲಿದ್ದ ಜಮಖಾನೆಯ ನೀಲಿ ಅಂಚಿನಲ್ಲಿ ಒಂದು ಕೆಂಪು ಚುಕ್ಕಿ ಕಂಡಿತು. ಅವಳು ಅದನ್ನು ಹಾಕಿರಲಿಲ್ಲ. ಅಳಿಸಿದಳು. ಸ್ವಲ್ಪ ಹೊತ್ತಿಗೆ ಪಕ್ಕದ ಚೌಕದಲ್ಲಿ ಇನ್ನೊಂದು ಮೂಡಿತು, ಈ ಸಲ ಹಸಿರು.

ಕಾರ್ಖಾನೆಗೆ ಜಮಖಾನೆಯ ವಿನ್ಯಾಸ ಮಾಡಿಕೊಡುವುದು ಅವಳ ಕೆಲಸ. ಕಂಪ್ಯೂಟರ್ ಅಕ್ಕನ ಮನೆಯದು. ಸಂಜೆ ಕಾರ್ಖಾನೆಯವರು ಬಂದು ಫ್ಲಾಪಿ ಒಯ್ಯುವವರಿದ್ದರು. ಬೆಳಗ್ಗೆಯಿಂದ ಬಿಡಿಸಿದ ಚಿತ್ರವನ್ನು ಅವಳು ಇನ್ನೂ ಫ್ಲಾಪಿಗೆ ಹಾಕಿರಲಿಲ್ಲ. ಪರದೆಯ ಮೂಲೆಯಲ್ಲಿ ಭಾವ ಬರೆದ ಗಡಿಯಾರದ ಪ್ರೋಗ್ರಾಂ ಓಡುತ್ತಿತ್ತು. ಶಾಲೆಯಲ್ಲಿ ಗಣಿತ ಕಲಿಸುವ ಅವರಿಗೆ ಒಂದೇ ಯಂತ್ರ ಎರಡು ಕೆಲಸ ಒಟ್ಟಿಗೆ ಮಾಡುವುದನ್ನು ನೋಡುವುದೇ ಸಂಭ್ರಮ.

ಮೂರನೆಯ ಚುಕ್ಕಿ ಬಿದ್ದಾಗ ಗಡಿಯಾರದಲ್ಲಿ ನಿಮಿಷ ಆಗಷ್ಟೇ ಬದಲಾಗಿತ್ತು. ಅವಳು ಕೈಕಟ್ಟಿ ಕಾದಳು. ಮುಂದಿನ ನಿಮಿಷಕ್ಕೆ ಸರಿಯಾಗಿ ಮತ್ತೊಂದು.

"ಭಾವ, ನಿಮ್ಮ ಗಡಿಯಾರ ನನ್ನ ಜಮಖಾನೆ ಮೇಲೆ ನಡೀತಿದೆ."

"ನಿನ್ನ ಕೈ ತಾಗಿರುತ್ತೆ."

"ಕೈ ಇಲ್ಲಿದೆ. ನೋಡ್ತಾ ಇರಿ."

ಇನ್ನೊಂದು ಬಿತ್ತು. ಭಾವ ಕನ್ನಡಕ ಸರಿಮಾಡಿಕೊಂಡರು. ಪ್ರತಿ ನಿಮಿಷದ ಅಂಕಿಯನ್ನೂ ಗಡಿಯಾರ ಯಂತ್ರದ ನೆನಪಿನಲ್ಲಿ ಸಾಲಾಗಿ ಬರೆದಿಡುವಂತೆ ಅವರು ಮಾಡಿದ್ದರು. ಎಲ್ಲಿ ನಿಲ್ಲಬೇಕೆಂದು ಹೇಳಿರಲಿಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ಜಾಗಕ್ಕೆ ಕಾಲಿಡದಂತೆ ತಡೆಯುವ ಏರ್ಪಾಡು ಆ ಯಂತ್ರದಲ್ಲಿರಲಿಲ್ಲ. ಗಡಿಯಾರದ ಅಂಕಿಗಳು ಈಗ ಅವಳ ಚಿತ್ರದ ಜಾಗದಲ್ಲಿ ಬಣ್ಣದ ಚುಕ್ಕಿಗಳಾಗಿ ಬೀಳುತ್ತಿದ್ದವು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಮಕ್ಕಳಿಗೆ ಮಾತ್ರ ಹೇಳ್ತೀರಾ?"

"ಆಯ್ತು ಮಹಾತಾಯಿ, ಮುಚ್ಚಿಬಿಡ್ತೀನಿ."

"ಮುಟ್ಟಬೇಡಿ. ಮುಚ್ಚಿದ್ರೆ ಅದು ಏನು ಮಾಡುತ್ತೆ?"

"ತನ್ನ ಜಾಗ ವಾಪಸ್ ಕೊಟ್ಟು ಹೋಗುತ್ತೆ."

"ಎಲ್ಲೀವರೆಗಿನ ಜಾಗ?"

ಭಾವ ಕೀಲಿಮಣೆಯಿಂದ ಕೈ ತೆಗೆದರು. "ಅದನ್ನ ಹೇಳೋ ಗುರುತು ಜಾಗದ ತುದೀಲಿರುತ್ತೆ. ಗಡಿಯಾರ ಅದನ್ನೇ ಮೊದಲು ತುಳಿದಿರಬೇಕು. ಈಗ ಮುಚ್ಚಿದ್ರೆ ನಿನ್ನ ಚಿತ್ರಾನೂ ಹೋಗಬಹುದು."

ಅವಳು ಗಡಿಯಾರವನ್ನು ಓಡಲು ಬಿಟ್ಟು ಹೊಸ ಫ್ಲಾಪಿ ತೂರಿಸಿ ಚಿತ್ರವನ್ನು ಅದಕ್ಕೆ ಹಾಕತೊಡಗಿದಳು. ಡ್ರೈವ್ ಕರಕರ ಎನ್ನುತ್ತಿರುವಾಗಲೇ ಮತ್ತೊಂದು ಚುಕ್ಕಿ ಬಿತ್ತು. ಡ್ರೈವಿನ ದೀಪ ಆರಿತು. ಫ್ಲಾಪಿ ಹೊರತೆಗೆದು ಮಡಿಲಲ್ಲಿಟ್ಟುಕೊಂಡಳು.

"ಈಗ ಮುಚ್ಚಿ."

ಭಾವ ಮುಚ್ಚಿದರು. ಪರದೆ ತುಂಬ ಅಡ್ಡಗೆರೆ ಎದ್ದು ಯಂತ್ರ ನಿಂತೇಹೋಯಿತು.

ಮತ್ತೆ ಚಾಲೂ ಮಾಡಿ ಫ್ಲಾಪಿಯಿಂದ ತೆರೆದಾಗ ಜಮಖಾನೆ ಇಡಿಯಾಗಿ ಬಂತು, ಅಂಚಿನಲ್ಲಿ ಬಣ್ಣದ ಚುಕ್ಕಿಗಳ ಸಮೇತ. ಅವಳು ಅವನ್ನು ಒಂದೊಂದಾಗಿ ನೀಲಿ ಮಾಡಿ, ಫ್ಲಾಪಿಗೆ ಹಾಕಿ, ಲಕೋಟೆಯಲ್ಲಿಟ್ಟಳು. ಕಾರ್ಖಾನೆಯವರು ಬರಲು ಇನ್ನೂ ಹೊತ್ತಿತ್ತು. ಪರದೆಯಲ್ಲಿ ಖಾಲಿ ಹಾಳೆಯೊಂದನ್ನು ತೆರೆದಳು.

"ಭಾವ, ಗಡಿಯಾರ ಹಾಕಿ."

"ಇಷ್ಟೆಲ್ಲ ಆದ ಮೇಲೂ?"

"ಈಗ ಕಳೆದುಕೊಳ್ಳೋಕೆ ಏನೂ ಇಲ್ಲವಲ್ಲ. ಎಲ್ಲೀವರೆಗೆ ಹೋಗುತ್ತೋ ನೋಡಬೇಕು."

ಭಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.