ನಿಂಬೆಗಿಡದ ಪಾಲಿನ ಕಾಫಿ

ಪ್ರತಿ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಲೈಲ್ ಪ್ರಾಸರ್‌ಗೆ ಅವನದೇ ಅಡುಗೆಮನೆಯಲ್ಲಿ ಅವಮಾನವಾಗುತ್ತಿತ್ತು. ಏಳು ವರ್ಷದಿಂದ ಒಂದು ವಾರವೂ ತಪ್ಪಿರಲಿಲ್ಲ.

ಅವನ ಅತ್ತೆ ಇಲ್ದಾ, ಪ್ರೆಸ್ಟನ್ ಬಡಾವಣೆಯ ಮಾರ್ಕೆಟ್ಟಿನಲ್ಲಿ ಮೀನು, ಸೊಪ್ಪು ಕೊಂಡು, ಚಕ್ರದ ಚೀಲವನ್ನು ಗಡಗಡ ಎಳೆದುಕೊಂಡು ಬರುತ್ತಿದ್ದಳು. ಕೋಟು ಬಿಚ್ಚದೆ ಕೂರುತ್ತಿದ್ದಳು. ಲೈಲ್ ತನ್ನ ಎಸ್ಪ್ರೆಸೊ ಮೆಷಿನ್ ಮುಂದೆ ಹತ್ತು ನಿಮಿಷ ಪೂಜೆ ಮಾಡಿ, ಪುಟ್ಟ ಬಟ್ಟಲಿನಲ್ಲಿ ಕಾಫಿ ತಂದು ಇಡುತ್ತಿದ್ದ. ಅವಳು ಒಂದು ಗುಟುಕು ಹೀರುತ್ತಿದ್ದಳು. ಆಮೇಲೆ ಬಟ್ಟಲನ್ನು ಎತ್ತಿಕೊಂಡು ಹಿತ್ತಿಲ ಬಾಗಿಲು ತೆಗೆದು, ಮೆಟ್ಟಿಲ ಪಕ್ಕದ ನಿಂಬೆಗಿಡದ ಬುಡಕ್ಕೆ ಸುರಿದು ಬರುತ್ತಿದ್ದಳು.

"ಹೇಗಿತ್ತು ನೋನ್ನಾ?" ಎಂದು ಲೈಲ್ ಕೇಳುತ್ತಿದ್ದ. ಮಕ್ಕಳು ಅಜ್ಜಿಯನ್ನು ಇಟಾಲಿಯನ್ನಿನಲ್ಲಿ ಕರೆಯುವ ಹಾಗೆಯೇ ಅವನೂ ಕರೆಯುವುದು.

"ಗಿಡಕ್ಕೆ ತುಂಬಾ ಇಷ್ಟ" ಎನ್ನುತ್ತಿದ್ದಳು.

ಅದು ಸುಳ್ಳಲ್ಲ. ಆ ಬೀದಿಯಲ್ಲಿ ಅಂಥ ನಿಂಬೆಗಿಡ ಇನ್ನೊಂದಿರಲಿಲ್ಲ. ಒಂದೊಂದು ಕಾಯಿ ಮಗುವಿನ ಮುಷ್ಟಿಯಷ್ಟು. ಅಕ್ಕಪಕ್ಕದವರು ಬೇಲಿಯ ಮೇಲಿಂದ ಇಣುಕಿ, ಏನು ಗೊಬ್ಬರ ಹಾಕುತ್ತೀಯ ಎಂದು ಕೇಳುತ್ತಿದ್ದರು. ಲೈಲ್ ಹಲ್ಲು ಕಡಿಯುತ್ತಿದ್ದ.

ಈಸ್ಟರ್ ದಿನ ಅವನ ತಾಳ್ಮೆ ಕಿತ್ತುಹೋಯಿತು. ಕುರಿಮಾಂಸದ ಊಟ ಮುಗಿದಿತ್ತು, ಮನೆ ತುಂಬ ನೆಂಟರು. ಇಲ್ದಾ ಎಂದಿನಂತೆ ಒಂದು ಗುಟುಕು ಹೀರಿ ಎದ್ದಳು. ಅವಳ ಹಿಂದೆ ಹದಿನೆಂಟು ಜನರ ಕಣ್ಣು ಹಿತ್ತಿಲವರೆಗೂ ಹೋಗಿ ವಾಪಸು ಬಂತು. ಯಾರೋ ಕಿಸಕ್ಕೆಂದರು.

ಲೈಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. "ನೋನ್ನಾ, ಜೂನ್‌ನಲ್ಲಿ ನಿಮ್ಮ ಹುಟ್ಟುಹಬ್ಬ. ಶನಿವಾರ ಬಿದ್ದಿದೆ. ಅವತ್ತು ನೀವು ನನ್ನ ಕಾಫೀನ ತಳ ಕಾಣೋವರೆಗೂ ಕುಡೀತೀರ. ಕುಡೀಲಿಲ್ಲ ಅಂದ್ರೆ ಈ ಮೆಷಿನ್ನು, ತಕ್ಕಡಿ, ಎಲ್ಲಾ ಮನೆಯಿಂದ ಆಚೆ. ಸಾಯೋವರೆಗೂ ನಾನು ಡಬ್ಬದ ಇನ್‌ಸ್ಟಂಟ್ ಕಾಫಿ ಕುಡೀತೀನಿ."

ಆ ಮನೆತನದಲ್ಲಿ ಮಕ್ಕಳ ಎದುರು 'ಇನ್‌ಸ್ಟಂಟ್' ಎಂಬ ಮಾತನ್ನು ಯಾರೂ ಆಡಿದ್ದಿಲ್ಲ. ಇಲ್ದಾಳ ತಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಅವತ್ತಿನಿಂದ ಲೈಲ್‌ಗೆ ಒಂದೇ ಧ್ಯಾನ. ತಪ್ಪು ತನ್ನದಲ್ಲ, ಮೆಷಿನ್ನಿನದು. ತಪ್ಪು ತನ್ನದಾಗಲು ಸಾಧ್ಯವೇ ಇಲ್ಲ ಎಂದು ಅವನು ಲೆಕ್ಕ ಸಮೇತ ತೋರಿಸಬಲ್ಲವನಾಗಿದ್ದ. ಬೀಜವನ್ನು ಗ್ರಾಮಿನ ಹತ್ತನೇ ಒಂದು ಭಾಗದವರೆಗೆ ತೂಗುತ್ತಿದ್ದ. ಬೀಸಿದ ಪುಡಿಯ ಗಂಟು ಒಡೆಯಲು ಎಂಟು ಸೂಜಿ ಕಟ್ಟಿದ ಕಡ್ಡಿ ಇಟ್ಟಿದ್ದ. ಇಳಿಯುವ ಕಾಫಿಗೆ ಗಡಿಯಾರ ಹಿಡಿಯುತ್ತಿದ್ದ. ನೀರನ್ನು ಸೋಸಿ, ಅದಕ್ಕೆ ಎರಡು ಬಗೆಯ ಉಪ್ಪು ಬೆರೆಸುತ್ತಿದ್ದ. ಮೆಷಿನ್ನಿನ ಮೈಯನ್ನು ದಿನವೂ ಒರೆಸಿ, ಮುಖ ನೋಡಿಕೊಳ್ಳುವಷ್ಟು ಹೊಳಪು ಬರಿಸುತ್ತಿದ್ದ. ಇಷ್ಟಾದರೂ ಕಾಫಿ ಸುಟ್ಟ ಟೈರಿನ ಹಾಗಿದ್ದರೆ ಅದು ಯಾರ ಪಾಪ?

"ಕುಣಿಯೋಕೆ ಬಾರದವನಿಗೆ ನೆಲ ಡೊಂಕು" ಎಂದಳು ಹೆಂಡತಿ ಮಿರೆಲ್ಲಾ.

"ನೆಲ ನಿಜವಾಗಲೂ ಡೊಂಕಿದೆ ಕಣೇ."

ಫ್ರಿಜ್ಜಿನ ಬಾಗಿಲಿಗೆ ಮೂರು ಹೊಸ ಮೆಷಿನ್ನುಗಳ ಫೋಟೋ ಅಂಟಿಸಿದ. ಒಂದಕ್ಕೆ ಎರಡು ಬಾಯ್ಲರ್. ಇನ್ನೊಂದಕ್ಕೆ ಬಾವಿಯ ಏತದ ಹಾಗೆ ಉದ್ದನೆಯ ಹಿಡಿ, ಕೈಯಲ್ಲೇ ಜಗ್ಗಬೇಕು. ಮೂರನೆಯದರಲ್ಲಿ ಎಷ್ಟು ಗುಂಡಿಗಳಿದ್ದವೆಂದರೆ ಓಡಿಸಲು ಲೈಸೆನ್ಸ್ ಬೇಕೇನೋ ಅನ್ನಿಸುತ್ತಿತ್ತು. ಕಂಪ್ಯೂಟರಿನಲ್ಲಿ ನಲವತ್ತು ಕಲಮುಗಳ ಪಟ್ಟಿ ಮಾಡಿದ. ಎತ್ತರ, ಅಗಲ, ತೂಕ, ಕಾಯಲು ಎಷ್ಟು ಹೊತ್ತು, ಮೇಲಿನ ಕಪಾಟಿಗೂ ಮೆಷಿನ್ನಿನ ತಲೆಗೂ ಎಷ್ಟು ಅಂತರ, ಎಲ್ಲ ಬರೆದ. ಊಟ ಮಾಡುವಾಗಲೂ ಫ್ರಿಜ್ಜಿನ ಕಡೆಗೇ ಮುಖ.

"ಮೂರು ಹುಡುಗೀರನ್ನ ನೋಡಿ ಬಂದ ಮದುಮಗನ ಹಾಗೆ ಆಡಬೇಡ. ನನ್ನನ್ನ ಒಪ್ಪೋಕೆ ನೀನು ಇಷ್ಟು ದಿನ ತಗೊಳ್ಳಲಿಲ್ಲ" ಎಂದಳು ಮಿರೆಲ್ಲಾ.

"ನಿನ್ನ ಕಪಾಟಿನ ಕೆಳಗೆ ಕೂರಿಸಬೇಕಾಗಿರಲಿಲ್ಲವಲ್ಲ."

ಅವತ್ತು ರಾತ್ರಿಯ ಊಟದ ಪಾತ್ರೆಗಳನ್ನೆಲ್ಲ ಲೈಲ್ ಒಬ್ಬನೇ ತೊಳೆದ.

ಹತ್ತಿರದ ಬ್ರನ್ಸ್‌ವಿಕ್‌ನಲ್ಲಿ ಗ್ವೆಂಡಾ ಎಂಬವಳ ಕಾಫಿ ಮೆಷಿನ್ ಅಂಗಡಿಯಿತ್ತು. ಅರವತ್ತು ದಾಟಿದ ಗಟ್ಟಿ ಹೆಂಗಸು. ಮೂವತ್ತು ವರ್ಷ ಮೆಷಿನ್ ರಿಪೇರಿ ಮಾಡಿ, ಆಮೇಲೆ ಮಾರಲು ಕೂತವಳು. ಲೈಲ್ ನಲವತ್ತು ಕಲಮುಗಳ ಪಟ್ಟಿಯನ್ನು ಅವಳ ಮುಂದೆ ಹರಡಿದ. ಅವಳು ಅದರ ಮೇಲೆ ತನ್ನ ಚಹಾದ ಲೋಟ ಇಟ್ಟಳು.

"ಈಗಿರೋದಕ್ಕೆ ಏನು ರೋಗ?"

"ಕಾಫಿ ಕಹಿ. ಸುಟ್ಟ ವಾಸನೆ. ಏಳು ವರ್ಷದ ಹಳೇದು."

"ಪುಡಿ ತುಂಬಿದ ಹಿಡಿಬಟ್ಟಲನ್ನ ಮೆಷಿನ್ನಿಗೆ ಸಿಗಿಸ್ತೀಯಲ್ಲ, ಅದರ ನೆತ್ತಿ ಮೇಲೆ ನೀರು ಇಳಿಯೋ ಜರಡಿ ಬಿಲ್ಲೆ ಇರುತ್ತೆ. ಒಂದೇ ಸ್ಕ್ರೂ. ಅದನ್ನ ಬಿಚ್ಚಿ ಯಾವಾಗ ತೊಳೆದೆ?"

ಲೈಲ್‌ಗೆ ಕೆನ್ನೆಗೆ ಹೊಡೆದ ಹಾಗಾಯಿತು. "ನೋಡಮ್ಮ, ನಾನು ಪ್ಲಂಬರ್. ಇಪ್ಪತ್ತೆಂಟು ವರ್ಷದಿಂದ ಈ ಊರಿನ ಅರ್ಧ ಚರಂಡಿ ಬಿಡಿಸಿದವನು ನಾನೇ. ಕಟ್ಟಿಕೊಂಡಿರೋ ಕೊಳವೆ ಯಾವುದು ಅಂತ ನನಗೆ ಬೀದಿಯಿಂದಲೇ ಗೊತ್ತಾಗುತ್ತೆ. ದಿನಾ ಒರೆಸ್ತೀನಿ ನನ್ನ ಮೆಷಿನ್ನ."

"ಹೊರಗಡೆಯಾ?"

"ಮಾರ್ತೀಯೋ ಇಲ್ಲವೋ?"

"ಮಾರದೆ ಏನಪ್ಪ, ನನಗೂ ಹೊಟ್ಟೆಪಾಡು" ಎಂದು ಗ್ವೆಂಡಾ ಲೋಟ ಎತ್ತಿಕೊಂಡಳು. ಪಟ್ಟಿಯ ಮೇಲೆ ದುಂಡನೆಯ ಕಲೆ ಉಳಿಯಿತು. ಅದು ಎರಡು ಬಾಯ್ಲರಿನ ಮೆಷಿನ್ನಿನ ಹೆಸರನ್ನು ಸರಿಯಾಗಿ ಸುತ್ತುವರಿದಿತ್ತು. ಆರು ವಾರ ತಲೆ ಕೆಡಿಸಿಕೊಂಡ ಮನುಷ್ಯ ಕೊನೆಗೆ ಆರಿಸಿದ್ದು ಚಹಾದ ಕಲೆ ನೋಡಿ. ಹುಟ್ಟುಹಬ್ಬದ ಹಿಂದಿನ ದಿನ, ಶುಕ್ರವಾರ ಮನೆಗೆ ತಲುಪಿಸುವುದೆಂದು ಮಾತಾಯಿತು.

ಹುಟ್ಟುಹಬ್ಬದ ವಾರವೇ ಬುಧವಾರ ನಗರಸಭೆಯ ಲಾರಿ ದೊಡ್ಡ ಕಸ ಒಯ್ಯಲು ಬರುವುದಿತ್ತು. ಮಂಗಳವಾರ ಮಧ್ಯಾಹ್ನ ಲೈಲ್ ಮನೆ ಮುಂದಿನ ಹುಲ್ಲಿನ ಮೇಲೆ ಹರಿದ ಹಾಸಿಗೆ, ಕಾಲು ಮುರಿದ ಕುರ್ಚಿ ಇಟ್ಟು, ಅವುಗಳ ಮೇಲೆ ಹಳೆಯ ಮೆಷಿನ್ ಕೂರಿಸಿದ. ಬೇಕಾದವರು ಎತ್ತಿಕೊಳ್ಳಲಿ ಎಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತಗುಲಿಹಾಕಿದ: 'ಕೆಲಸ ಮಾಡುತ್ತದೆ. ಆದರೆ ನಂಬಬೇಡಿ.' ಒಳಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಹಾಸಿಗೆ ಇತ್ತು, ಕುರ್ಚಿ ಇತ್ತು, ಮೆಷಿನ್ ಇರಲಿಲ್ಲ. ರಟ್ಟು ಮಾತ್ರ ಹುಲ್ಲಿನ ಮೇಲೆ ಮಕಾಡೆ ಬಿದ್ದಿತ್ತು.

"ಪೀಡೆ ತೊಲಗಿತು. ಯಾರ ಹಣೇಲಿ ಬರೆದಿದೆಯೋ, ಕುಡೀಲಿ" ಎಂದ.

ಶುಕ್ರವಾರ ಸಂಜೆ ಹೊಸ ಮೆಷಿನ್ ಬಂತು. ಇಬ್ಬರು ಹೊತ್ತು ತಂದು ಇಳಿಸಿದರು. ಕಪಾಟಿನ ಕೆಳಗೆ ಬೆರಳು ತೂರಿಸುವಷ್ಟು ಜಾಗ ಬಿಟ್ಟು ಲೆಕ್ಕ ಹಾಕಿದ ಹಾಗೆಯೇ ಕೂತಿತು. ಮದುವೆ ಮಂಟಪದಲ್ಲಿ ಕೂತ ಮದುಮಗಳ ಹಾಗೆ ಥಳಥಳ. ಲೈಲ್ ನೀರು ತುಂಬಿಸಿ, ಪ್ಲಗ್ ಹಿಡಿದು ಗೋಡೆಯ ಕಡೆ ಬಗ್ಗಿದ. ಪ್ಲಗ್ ಹೋಗಲಿಲ್ಲ. ತಿರುಗಿಸಿ ನೋಡಿದ, ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದ. ಕೆಳಗಿನ ಪಿನ್ ಗೋಡೆಯ ತೂತಿಗಿಂತ ಅಗಲವಾಗಿತ್ತು. ಅದು ಹದಿನೈದು ಆಂಪಿನ ಪ್ಲಗ್. ಮನೆಯಲ್ಲಿದ್ದದ್ದೆಲ್ಲ ಹತ್ತು ಆಂಪಿನ ತೂತು.

ನಲವತ್ತು ಕಲಮು. ಅದರಲ್ಲಿ ಪ್ಲಗ್ಗಿಗೆ ಒಂದು ಕಲಮಿರಲಿಲ್ಲ.

ಗೊತ್ತಿದ್ದ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದ. ಅವನು ಮಂಗಳವಾರ ಬರುತ್ತೇನೆಂದು ಹೇಳಿ, ಫೋನ್ ಇಡದೆಯೇ ಪಕ್ಕದವನಿಗೆ ವಿಷಯ ತಿಳಿಸಿ ನಕ್ಕ. ಪ್ಲಂಬರ್ ಒಬ್ಬ ವಿದ್ಯುತ್ತಿನ ವಿಷಯದಲ್ಲಿ ಎಡವಿದ್ದು ಎಲೆಕ್ಟ್ರಿಷಿಯನ್ನರಿಗೆ ಹಬ್ಬವಿದ್ದ ಹಾಗೆ. ಲೈಲ್ ಶೆಡ್ಡಿಗೆ ಹೋಗಿ ಅರ ತಂದ.

"ಪಿನ್ ಉಜ್ಜಿ ಸಣ್ಣ ಮಾಡ್ತೀಯ?" ಎಂದಳು ಮಿರೆಲ್ಲಾ, ಬಾಗಿಲಿಗೆ ಅಡ್ಡ ನಿಂತು. "ಮನೆ ಸುಟ್ಟರೆ ಇನ್ಶೂರೆನ್ಸಿನವರಿಗೆ ಏನು ಹೇಳೋದು? ನಮ್ಮಮ್ಮ ಕಾಫಿ ಚೆಲ್ಲಿದಳು, ಅದಕ್ಕೆ ಸುಟ್ಟೆ ಅಂತಲಾ?"

ಲೈಲ್ ಅರ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ನಿಂಬೆಗಿಡ ಗಾಳಿಗೆ ತಲೆಯಾಡಿಸುತ್ತಿತ್ತು. "ಸುಮ್ನಿರೋ" ಎಂದ ಅದಕ್ಕೆ. ಕಣ್ಣ ಮುಂದೆ ಇನ್‌ಸ್ಟಂಟ್ ಕಾಫಿಯ ಡಬ್ಬಗಳು ಒಂದರ ಹಿಂದೊಂದು ಸಾಲುಗಟ್ಟಿ ಅವನ ಸಮಾಧಿಯವರೆಗೂ ಹೋದವು. ಮಾತು ಕೊಟ್ಟಿದ್ದು ಹದಿನೆಂಟು ಜನರ ಎದುರು.

ಶನಿವಾರ ಬೆಳಿಗ್ಗೆ ಇಲ್ದಾಳ ಫೋನ್ ಬಂತು. "ನನಗೆ ಮಂಡಿ ನೋವು. ನೀವೇ ಬನ್ನಿ" ಎಂದಳು. ಅವಳ ಮನೆ ಇದ್ದದ್ದು ಬೀದಿಯ ಮುಂದಿನ ತಿರುವಿನಲ್ಲೇ. ಲೈಲ್ ತೂಕದ ತಕ್ಕಡಿ, ಸೂಜಿ ಕಡ್ಡಿ ಯಾವುದನ್ನೂ ತೆಗೆದುಕೊಳ್ಳದೆ, ಬರಿಗೈಯಲ್ಲಿ, ಗಲ್ಲಿಗೆ ಹೋಗುವವನ ಹಾಗೆ ಹೆಂಡತಿಯ ಹಿಂದೆ ನಡೆದ.

ಇಲ್ದಾಳ ಅಡುಗೆಮನೆಯಲ್ಲಿ ಒಲೆಯ ಮೇಲೆ, ಅವಳು ಕಾಫಿ ಮಾಡುವ ಐವತ್ತು ವರ್ಷದ ಮೋಕಾ ಪಾತ್ರೆ ಇತ್ತು. ಅದರ ಪಕ್ಕದಲ್ಲಿ, ಹೆಣೆದ ಬಿಳಿ ಹೊದಿಕೆಯ ಮೇಲೆ, ಲೈಲ್‌ನ ಹಳೆಯ ಮೆಷಿನ್ ಕೂತಿತ್ತು.



"ಮಮ್ಮಾ, ಇದನ್ನ ಕಸದಿಂದ ಎತ್ಕೊಂಡು ಬಂದ್ಯಾ?" ಎಂದಳು ಮಿರೆಲ್ಲಾ.

"ಹುಲ್ಲಿನ ಮೇಲಿತ್ತು. ಚೀಲದಲ್ಲಿ ಹಿಡೀತು, ತಂದೆ."

"ನಿಂಗೆ ಮಂಡಿ ನೋವು ಅಂದೆ."

"ಇಪ್ಪತ್ತು ಕಿಲೋ ಎಳೆದ ಮೇಲೆ ನೋಯದೆ ಇರುತ್ತಾ?"

ಇಲ್ದಾ ಕಪಾಟಿನಿಂದ ಒಂದು ಜಾಮ್ ಬಾಟಲಿ ತೆಗೆದು ಅಳಿಯನ ಮುಂದಿಟ್ಟಳು. ಒಳಗೆ ಡಾಂಬರಿನಂಥ ಕಪ್ಪು ಗಸಿ, ಅರ್ಧ ಬಾಟಲಿ.

"ಏನಿದು?"

"ನೆತ್ತಿ ಮೇಲಿನ ಬಿಲ್ಲೆ ಬಿಚ್ಚಿ ಬಿಸಿನೀರು, ಅಡುಗೆ ಸೋಡಾದಲ್ಲಿ ಎರಡು ದಿನ ನೆನೆಸಿದೆ. ಇಷ್ಟು ಬಂತು. ಒಂದೇ ಸ್ಕ್ರೂ ಇತ್ತು."

ಪ್ಲಂಬರ್ ಲೈಲ್ ಪ್ರಾಸರ್ ಬಾಟಲಿಯ ಮುಚ್ಚಳ ತೆಗೆದು ಮೂಸಿದ. ಸುಟ್ಟ ಟೈರು. ಏಳು ವರ್ಷದ ಶನಿವಾರಗಳೆಲ್ಲ ಅದರೊಳಗಿದ್ದವು. ಊರಿನ ಚರಂಡಿಗಳಲ್ಲಿ ಇಪ್ಪತ್ತೆಂಟು ವರ್ಷ ಕೈ ಹಾಕಿದವನಿಗೆ ಇದಕ್ಕಿಂತ ಹೊಲಸಾದದ್ದನ್ನು ನೋಡಿದ ನೆನಪಾಗಲಿಲ್ಲ. ಹಳೆಯ ಜಿಡ್ಡಿನ ಮೂಲಕ ಇಳಿಯಲಿದ್ದ ನೀರಿಗೆ ಅವನು ಎರಡು ಬಗೆಯ ಉಪ್ಪು ಬೆರೆಸಿದ್ದ!

"ಒಳಗೆ ಕೊಳಕಾಗಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ವಾಸನೇಲೇ ಗೊತ್ತಾಗ್ತಿತ್ತು."

"ಏಳು ವರ್ಷ, ನೋನ್ನಾ! ಒಂದು ಮಾತು ಹೇಳಬಾರದಿತ್ತಾ?"

ಇಲ್ದಾ ಮಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು, ತಗ್ಗಿಸಿದ್ದು ಇಡೀ ಮನೆಗೆ ಕೇಳಿಸಿತು. "ನಿನ್ನ ಅಡುಗೆಮನೆ ಕೊಳಕು ಅಂತ ಹೇಳೋದು ಹೇಗೆ? ಅದು ನನ್ನ ಮಗಳ ಅಡುಗೆಮನೇನೂ ಹೌದಲ್ಲ. ಹೆತ್ತವಳು ಹಾಗೆ ಹೇಳಬಾರದು. ಗಿಡಕ್ಕೆ ಹಾಕಿದರೆ ಯಾರಿಗೂ ನೋವಿಲ್ಲ."

"ಆ ಮೆಷಿನ್ ಮುಟ್ಟಿದರೆ ಕೈ ಕತ್ತರಿಸ್ತೀನಿ ಅಂದಿದ್ದ ಇವನು" ಎಂದಳು ಮಿರೆಲ್ಲಾ. ಅವಳ ಮುಖ ಕೆಂಪಗಾಗಿತ್ತು. "ಕೊಳಕು ನಂದಂತೆ!"

"ಆಮೇಲೆ ಜಗಳ ಆಡಿ. ಈಗ ಮಾಡು" ಎಂದು ಇಲ್ದಾ ಕುರ್ಚಿ ಎಳೆದುಕೊಂಡಳು. ಮಾರ್ಕೆಟ್ಟಿನಲ್ಲಿ ಬೀಸಿಸಿ ತಂದ ಪುಡಿಯ ಪೊಟ್ಟಣ ಅಲ್ಲೇ ಇತ್ತು. "ಈಸ್ಟರ್‌ನಲ್ಲಿ ನೀನೇ ಹೇಳಿದ್ದೆ, ತಳ ಕಾಣೋವರೆಗೂ ಅಂತ."

ತಕ್ಕಡಿ ಇರಲಿಲ್ಲ. ಲೈಲ್ ಚಮಚದಲ್ಲಿ ಪುಡಿ ಹಾಕಿದ. ಸೂಜಿಗಳಿರಲಿಲ್ಲ. ಹಿಡಿಬಟ್ಟಲಿನ ಬದಿಗೆ ಎರಡು ಸಲ ತಟ್ಟಿ ಅದುಮಿದ. ಗಡಿಯಾರ ಹಿಡಿಯದೆ ಮನಸ್ಸಿನಲ್ಲೇ ಎಣಿಸಿದ, ಹದಿನೇಳರ ನಂತರ ಮರೆತ. ಇಲಿಯ ಬಾಲದಷ್ಟು ಸಣ್ಣಗೆ, ಜೇನಿನ ಬಣ್ಣದ ಕಾಫಿ ಇಳಿಯಿತು. ಇಂಥ ಬಣ್ಣವನ್ನು ಅವನು ಫೋಟೋದಲ್ಲಿ ಮಾತ್ರ ನೋಡಿದ್ದ.

ಇಲ್ದಾ ಒಂದು ಗುಟುಕು ಹೀರಿದಳು. ಎದ್ದಳು. ಅವಳು ಕಿಟಕಿಯ ತನಕ ಹೋಗಿ, ಪರದೆ ಸರಿಸಿ, ಬಿಸಿಲಿಗೆ ಬೆನ್ನು ಕೊಟ್ಟು ನಿಂತು ಇನ್ನೊಂದು ಗುಟುಕು ಹೀರಿದಳು. ಮತ್ತೊಂದು. ಆಮೇಲೆ ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.

"ಹೇಗಿತ್ತು?" ಎಂದ ಲೈಲ್.

"ಮೆಷಿನ್ ಚೆನ್ನಾಗಿದೆ" ಎಂದಳು.

ಈಸ್ಟರ್‌ನಿಂದ ಎಲ್ಲ ಮೆಷಿನ್ನಿನದೇ ಎಂದು ವಾದಿಸಿದವನು ಈಗ ಅಲ್ಲವೆನ್ನುವಂತಿರಲಿಲ್ಲ. ಆದರೂ ಗೆದ್ದದ್ದು ಗೆದ್ದ ಹಾಗೆಯೇ. ಇನ್‌ಸ್ಟಂಟ್ ಡಬ್ಬದಿಂದ ಬಚಾವಾದ. ಧೈರ್ಯ ಬಂದು ಕೇಳಿದ: "ಹಾಗಾದರೆ ಇದನ್ನ ವಾಪಸು ಮನೆಗೆ ಒಯ್ಯಲಾ?"

"ಹುಲ್ಲಿನ ಮೇಲೆ ಇಟ್ಟವನು ಯಾರು?"

"ನಾನೇ."

"ಎತ್ಕೊಂಡವಳು?"

ಪ್ರೆಸ್ಟನ್‌ನಲ್ಲಿ ಇದಕ್ಕಿಂತ ದೊಡ್ಡ ಕಾನೂನಿಲ್ಲ. ಹುಲ್ಲಿನ ಮೇಲಿಂದ ಎತ್ತಿದ್ದು ಎತ್ತಿದವರದ್ದು.

ಮಂಗಳವಾರ ಎಲೆಕ್ಟ್ರಿಷಿಯನ್ ಬಂದು, ನಕ್ಕು, ಹದಿನೈದು ಆಂಪಿನ ತೂತು ಮಾಡಿಕೊಟ್ಟು ಹೋದ. ಎರಡು ಬಾಯ್ಲರಿನ ಮೆಷಿನ್ ಈಗ ದಿನವೂ ಕಾಯುತ್ತದೆ. ಅದರ ನೆತ್ತಿಯ ಬಿಲ್ಲೆಯನ್ನು ಪ್ರತಿ ಭಾನುವಾರ ಮಿರೆಲ್ಲಾ ಎದುರಿಗೆ ನಿಂತು ಬಿಚ್ಚಿಸುತ್ತಾಳೆ. ಶನಿವಾರ ಹತ್ತೂವರೆಗೆ ಮಾತ್ರ ಲೈಲ್ ಅತ್ತೆಯ ಮನೆಗೆ ಹೋಗಿ, ತಾನು ಬಿಸಾಕಿದ ಮೆಷಿನ್ನಿನಲ್ಲಿ ಅವಳಿಗೆ ಕಾಫಿ ಮಾಡಿಕೊಡುತ್ತಾನೆ. ಅವಳು ತಳ ಕಾಣುವವರೆಗೂ ಕುಡಿಯುತ್ತಾಳೆ.

ಆಗಸ್ಟ್ ಹೊತ್ತಿಗೆ ನಿಂಬೆಗಿಡದ ಎಲೆ ಹಳದಿಯಾಗತೊಡಗಿತು. ಬೇಲಿಯ ಮೇಲಿಂದ ಪಕ್ಕದವರು, ಗೊಬ್ಬರ ನಿಲ್ಲಿಸಿದೆಯಾ ಎಂದು ಕೇಳಿದರು. ಲೈಲ್ ಎರಡು ವಾರ ಹಠ ಹಿಡಿದ. ಮೂರನೆಯ ಶನಿವಾರ ಅತ್ತೆಯ ಮನೆಯಿಂದ ಬರುವಾಗ ಆ ಜಾಮ್ ಬಾಟಲಿಯನ್ನು ಕೇಳಿ ಇಸಿದುಕೊಂಡು ಬಂದು, ಯಾರೂ ನೋಡದಾಗ ಒಂದು ಚಮಚ ಗಸಿಯನ್ನು ನೀರಿಗೆ ಕಲಸಿ ಬುಡಕ್ಕೆ ಹಾಕಿದ.

"ತಗೋ, ಸಾಯಬೇಡ" ಎಂದ.