ಉಜ್ಜುವ ಕೈ

ಮದ್ದಿನ ಸಾರಾಯಿ ಕೊಡುವಾಗ ಯಾನ್ ಪಂಡಿತರು ಮೂರು ಸಲ ಹೇಳಿದ್ದರು. ಒಳಗೆ ನೆನೆದಿರುವುದು ವತ್ಸನಾಭಿ ಎಂಬ ವಿಷದ ಬೇರು, ಒಂದು ತೊಟ್ಟೂ ಬಾಯಿಗೆ ಹೋಗಕೂಡದು. ಮಂಡಿಗೆ ಹಚ್ಚಲು ಮಾತ್ರ, ಚರ್ಮ ಒಡೆದಿದ್ದರೆ ಅದೂ ಬೇಡ. ಪು ಶೌಯಿಯ ಮಂಡಿಯನ್ನು ಬೆಳಕಿಗೆ ತಿರುಗಿಸಿ, ಗೀರಿಲ್ಲವೆಂದು ನೋಡಿದ ಮೇಲೆಯೇ ಜಾಡಿ ಕೊಟ್ಟದ್ದು. ಶೌಯಿಯ ಕುಡಿತದ ಚಪಲ ಇಡೀ ಬೀದಿಗೆ ಗೊತ್ತು. ಹಾಗಾಗಿ ಹೆಂಡತಿ ಸುಯಿಂಗ್ ಜಾಡಿಯನ್ನು ಅಟ್ಟಕ್ಕೇರಿಸಿದಳು. ಮಂಡಿನೋವಿನವನು ಏಣಿ ಹತ್ತಲಾರ ಎಂಬುದು ಅವಳ ಲೆಕ್ಕ.

ದಿನಾ ಬೆಳಗ್ಗೆ ಮಾರುವ ತೋಫುವಿಗಾಗಿ ಒಡೆದ ಸೋಯಾ ಹಾಲನ್ನು ಅಚ್ಚಿಗೆ ಸುರಿದು, ಮೇಲೆ ಕಲ್ಲು ಹೇರಿದ ಬಳಿಕ, ಅವಳು ಗಂಡನೆದುರು ಮಣೆ ಹಾಕಿ ಕೂರುತ್ತಿದ್ದಳು. ಅಂಗೈಗೆ ಸಾರಾಯಿ ಸುರಿದುಕೊಂಡು ಮಂಡಿ ಬಿಸಿಯಾಗುವ ತನಕ ಉಜ್ಜುತ್ತಿದ್ದಳು. ಹತ್ತೇ ದಿನಕ್ಕೆ ನೋವು ಅರ್ಧ ಇಳಿಯಿತು.

ಹನ್ನೊಂದನೆಯ ಬೆಳಗ್ಗೆ, ಉಜ್ಜಿ ಮುಗಿಸಿ ಗಂಜಿಗೆ ಕೂತಾಗ ಅವಳೆಂದಳು, "ಜುಮ್ಮನಕಾಯಿ ಜಾಸ್ತಿಯಾಯ್ತೇನೋ. ತುಟಿಯೆಲ್ಲ ಜುಮ್ ಅಂತಿದೆ."

ಜುಮ್ಮನಕಾಯಿಯ ಮಸಾಲೆ ಬೀಳದ ಅಡುಗೆಯೇ ಅಪರೂಪವಾದ ಸಿಚುವಾನಿನಲ್ಲಿ ತುಟಿ ಜುಮ್ಮೆಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶೌಯಿ ನಕ್ಕ. "ಕೈ ತಪ್ಪಿ ಸುರಿದಿರ್ತೀಯ. ಕಣ್ಣು ಮಂಜಾಯ್ತಲ್ಲ ಮುದುಕಿ."

ಇನ್ನೊಂದು ಗುಟುಕು ಕುಡಿದ. ಬರೀ ಬಿಳಿ ಗಂಜಿ, ಜೊತೆಗೆ ಉಪ್ಪಿನ ಮೂಲಂಗಿ. ಅವನ ತುಟಿಗೆ ಏನೂ ಆಗಿರಲಿಲ್ಲ. ಬಟ್ಟಲು ಕೆಳಗಿಟ್ಟ.

"ಇದಕ್ಕೆ ಜುಮ್ಮನಕಾಯಿ ಹಾಕೇ ಇಲ್ವಲ್ಲೇ. ನಾಲಿಗೆ?"

"ಅದೂ ಹಾಗೇ. ಬೆರಳೂ. ಎದೆ ಬೇರೆ ಯಾಕೋ ಡವಡವ ಅಂತಿದೆ."

"ಆ ಸಾರಾಯಿ ಕುಡಿದ್ಯಾ?"

"ಕುಡಿಯೋನು ನೀನು."

ಅವಳ ಕೈಗಳನ್ನು ಎಳೆದು ಅಂಗೈ ಮೇಲೆ ಮಾಡಿದ. ಚಳಿಗಾಲದ ತಣ್ಣೀರು, ಸೋಯಾ ಹಾಲು ಒಡೆಸುವ ಉಪ್ಪುನೀರು ಸೇರಿ ಅಂಗೈ ತುಂಬ ಕೆಂಪು ಸೀಳುಗಳು. ಮೂವತ್ತೆಂಟು ವರ್ಷ ಈ ಕೈ ಬಡಿಸಿದ್ದನ್ನು ಉಂಡಿದ್ದ. ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಎರಡು ವರ್ಷದಿಂದ ಕುಂಟುತ್ತಿದ್ದವನು ಎದುರಿನ ಮದ್ದಿನಂಗಡಿಗೆ ಓಡಿದ. ಯಾನ್ ಪಂಡಿತರು ಬಂದು ಸುಯಿಂಗಳ ನಾಡಿ ಹಿಡಿದರು. ಮಿಡಿತ ನಡುನಡುವೆ ತಪ್ಪುತ್ತಿತ್ತು. ಅವರ ಮುಖ ಕಪ್ಪಿಟ್ಟಿತು.

"ಮೊದಲು ಸೋಪು ಹಾಕಿ ಕೈ ತೊಳೆಸು. ಇದು ನನ್ನ ಕೈಲಾಗೋದಲ್ಲ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ. ಜಾಡೀನೂ ತಗೊಂಡು ಹೋಗಿ ತೋರಿಸು." ಮೂರುಗಾಲಿ ಗಾಡಿ ಹೊರಡುವಾಗ ತಗ್ಗಿದ ದನಿಯಲ್ಲಿ ಸೇರಿಸಿದರು, "ನಿನ್ನ ಮಂಡಿ ನೋಡ್ದೆ ಶೌಯಿ. ಉಜ್ಜೋ ಕೈ ಯಾರದು ಅಂತ ಕೇಳ್ಲೇ ಇಲ್ಲ."

ಮೂರು ದಿನ ಸುಯಿಂಗಳ ಎದೆಗೆ ವೈರು ಅಂಟಿಸಿದ್ದರು. ಮೊದಲ ದಿನವಿಡೀ ಶೌಯಿ ಪರದೆಯ ಮೇಲೆ ಕುಣಿಯುವ ಗೆರೆಯಿಂದ ಕಣ್ಣು ಕೀಳಲಿಲ್ಲ. ಎರಡನೆಯ ದಿನ ಆ ಗೆರೆ ಹದಕ್ಕೆ ಬಂತು. ಮೂರನೆಯ ದಿನ ಅವಳು ಆಸ್ಪತ್ರೆಯ ತೋಫುವನ್ನು ಬಾಯಿ ತುಂಬ ಬೈದಳು. ಆಗ ಅವನು ಗೋಡೆಯ ಕಡೆ ತಿರುಗಿ ಅತ್ತ.

ಈಗ ದಿನಾ ಬೆಳಗ್ಗೆ ಅಚ್ಚಿನ ಮೇಲೆ ಕಲ್ಲು ಹೇರಿದ ಬಳಿಕ ಮಣೆಯ ಮೇಲೆ ಕೂರುವವನು ಶೌಯಿ. ಜಾಡಿ ಪಂಡಿತರ ಅಂಗಡಿಗೆ ವಾಪಸು ಹೋಗಿದೆ. ಬೆಚ್ಚಗೆ ಕರಗಿಸಿದ ಹಂದಿಕೊಬ್ಬನ್ನು ಅವಳ ಅಂಗೈಗೆ ಸುರಿದು, ಒಂದೊಂದು ಸೀಳಿಗೂ ಹೆಬ್ಬೆರಳಿನಿಂದ ತಿಕ್ಕುತ್ತಾನೆ.

"ಮಂಡಿ ನೋಯಲ್ವೇನೋ ಮುದುಕ, ಹಾಗೆ ಮಡಚಿಕೊಂಡು ಕೂತ್ರೆ?"

"ನೋಯ್ತದೆ."

"ಹಾಗಾದ್ರೆ ಏಳು, ಸಾಕು."

"ಆ ಕೈ ಕೊಡು," ಎಂದ ಶೌಯಿ.